ಅಪ್ಪನಿಗೆ ಕೇಳಿಸುತ್ತಿದ್ದ ಹಾಡುಗಳು

ನಮ್ಮ ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡುತ್ತಿರಲಿಲ್ಲ. ಮಾತಾಡಿದರೆ ಕೇಳುತ್ತಲೂ ಇರಲಿಲ್ಲ. ಬಾಳ್ಳುಪೇಟೆ ದಾಟಿ ಸಕಲೇಶಪುರದ ಕಡೆ ಹೋಗುವಾಗ ಹೆದ್ದಾರಿ ಬಿಟ್ಟು ಒಂದು ಮಣ್ಣುದಾರಿ ಇಳಿಯುತ್ತಿತ್ತು. ಅದರ ಕೊನೆಯಲ್ಲಿ ಕಾಫಿ ಮಿಲ್ಲು, ಮಿಲ್ಲಿನ ಬೆನ್ನಿಗೆ ಅಂಟಿಕೊಂಡು ನಮ್ಮ ಮನೆ. ಮಿಲ್ಲು ಸಾಹುಕಾರರದು. ಮೆಷೀನು ನಡೆಸುವವನು ಹತ್ತಿರದಲ್ಲೇ ಇರಲಿ ಎಂದು ಅವರೇ ಕಟ್ಟಿಸಿದ್ದ ಮನೆ ಅದು. ಮೆಷೀನು ನಡೆಸುತ್ತಿದ್ದವನು ನಮ್ಮಪ್ಪ, ಹಾಗಾಗಿ ಮನೆ ನಮ್ಮದು. ಮೆಷೀನಿನಿಂದ ಕೈ ತೆಗೆದ ದಿನ ನಮ್ಮದಲ್ಲ. ಎರಡು ಕೋಣೆ, ಒಂದು ಅಡಿಗೆಮನೆ, ಹಿಂದೆ ಬಚ್ಚಲು. ಅಡಿಗೆಮನೆ ಗೋಡೆಯ ಆಚೆಗೇ ಹಲ್ಲರ್. ಒಣಗಿದ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ಬೀಜ ಒಂದು ಕಡೆ, ಹೊಟ್ಟು ಒಂದು ಕಡೆ ಮಾಡುವ ಯಂತ್ರ. ಸಂಕ್ರಾಂತಿ ಕಳೆಯುತ್ತಿದ್ದಂತೆ ಸುತ್ತಲಿನ ಸಣ್ಣ ತೋಟದವರೆಲ್ಲ ಗಾಡಿ, ಜೀಪು, ಟ್ರ್ಯಾಕ್ಟರುಗಳಲ್ಲಿ ಮೂಟೆ ಹೇರಿಕೊಂಡು ಬರುತ್ತಿದ್ದರು. ಅಲ್ಲಿಂದ ಮಳೆ ಹಿಡಿಯುವವರೆಗೆ ಬೆಳಗಿನ ರೊಟ್ಟಿಯಿಂದ ಸಂಜೆ ದೀಪ ಹಚ್ಚುವ ತನಕ ನಮ್ಮ ಗೋಡೆಗಳು ನಡುಗುತ್ತಿದ್ದವು. ಹಲಗೆಯ ಮೇಲಿನ ಲೋಟಗಳು ತಾವಾಗಿಯೇ ಅಂಚಿಗೆ ಜರುಗಿ ಬರುತ್ತಿದ್ದವು. ಅವ್ವ ಆ ಕಡೆ ಹೋಗುವಾಗೊಮ್ಮೆ ಈ ಕಡೆ ಬರುವಾಗೊಮ್ಮೆ ಅವುಗಳನ್ನು ಒಳಕ್ಕೆ ತಳ್ಳುತ್ತಿದ್ದಳು. ಮುದ್ದೆಯ ಸುತ್ತ ಬಿಟ್ಟ ಸಾರಿನಲ್ಲಿ ಸಣ್ಣ ಅಲೆ ಏಳುತ್ತಿತ್ತು. ಕಾಫಿ ಮುಗಿದ ಮೇಲೆ ಭತ್ತ, ಭತ್ತ ಮುಗಿದ ಮೇಲೆ ರಾಗಿ ಹಿಟ್ಟು. ಸದ್ದು ಪೂರ್ತಿ ನಿಲ್ಲುತ್ತಿದ್ದದ್ದು ಭಾನುವಾರ ಮತ್ತು ಹಬ್ಬಗಳಲ್ಲಿ ಮಾತ್ರ.

ಇಂಥ ಮನೆಯಲ್ಲಿ ಬೆಳೆದವರ ಬಾಯಿಯ ಜೊತೆ ಕೈಯೂ ಮಾತಾಡಲು ಕಲಿಯುತ್ತದೆ. ಹೊಟ್ಟೆಯ ಮೇಲೆ ಅಂಗೈ ಇಟ್ಟರೆ ಊಟಕ್ಕಾಗಿದೆ ಎಂದು. ಗಲ್ಲ ಮುಟ್ಟಿ ತೋರಿಸಿದರೆ ಸಾಹುಕಾರರು ಬಂದಿದ್ದಾರೆ ಎಂದು. ಅವರ ಗಲ್ಲದ ಮೇಲೆ ದಪ್ಪ ಮಚ್ಚೆ ಇತ್ತು. ಮುಷ್ಟಿ ಹಿಡಿದು ಅಲ್ಲಾಡಿಸಿದರೆ ಅವ್ವನಿಗೆ ಸಿಟ್ಟು ಬಂದಿದೆ, ಒಳಗೆ ಬರಬೇಡ ಎಂದು. ಉಳಿದದ್ದನ್ನೆಲ್ಲ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದೆವು, ಇಲ್ಲವೇ ಕೂಗುತ್ತಿದ್ದೆವು. ಅವ್ವನ ತಾಯಿ ಆಲೂರು ಕಡೆಯ ಹಳ್ಳಿಯಿಂದ ಬಂದಾಗಲೆಲ್ಲ ಎರಡು ದಿನಕ್ಕೇ ತಲೆ ಹಿಡಿದುಕೊಳ್ಳುತ್ತಿದ್ದಳು.

"ಏನ್ರೇ ಇದು, ಉಪ್ಪು ಕೊಡು ಅನ್ನಕ್ಕೂ ಊರು ಒಂದಾಗಂಗೆ ಕಿರುಚ್ತೀರಲ್ಲ! ನೋಡ್ದೋರು ಜಗಳ ಅಂದ್ಕತಾರೆ."

"ಜಗಳ ಆಡುವಾಗ ಸುಮ್ಕಿರ್ತೀವಿ ಬುಡವ್ವ," ಎನ್ನುತ್ತಿದ್ದಳು ಅವ್ವ. ಅದು ನಿಜವೂ ಆಗಿತ್ತು.

ಸದ್ದಿಲ್ಲದ ಆ ಭಾನುವಾರಗಳು ಅಪ್ಪನ ಹಾಡಿಗೆ ಮೀಸಲು. ತಲೆಗೆ ಎಣ್ಣೆ ಹಚ್ಚಿ, ಬಿಸಿನೀರು ಹುಯ್ದುಕೊಂಡು, ಬಿಳಿ ಪಂಚೆ ಉಟ್ಟು ಜಗಲಿಯ ಮೇಲೆ ಕೂರುತ್ತಿದ್ದ. ಒಳಗೆ ಕೋಳಿಸಾರು ಕುದಿಯುತ್ತಿದ್ದರೆ ಹೊರಗೆ ಟೇಪ್ ರೆಕಾರ್ಡರು. ಸಕಲೇಶಪುರದ ಕ್ಯಾಸೆಟ್ ಅಂಗಡಿಯವನಿಗೆ ಒಂದೊಂದೇ ಹಾಡು ಹೇಳಿ ತುಂಬಿಸಿಕೊಂಡು ಬಂದ ಕ್ಯಾಸೆಟ್ಟುಗಳು ಅವನವು. ಎಲ್ಲವೂ ಅವನು ಮೀಸೆ ಚಿಗುರುವ ವಯಸ್ಸಿನಲ್ಲಿ ಟೆಂಟ್ ಸಿನಿಮಾದಲ್ಲಿ ನೆಲದ ಮೇಲೆ ಕೂತು ಕೇಳಿದ ಹಾಡುಗಳು. ಗುಂಡಿಯನ್ನು ತುದಿ ಮುಟ್ಟುವವರೆಗೆ ತಿರುಗಿಸಿ, ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಲ್ಲಿ ತಾಳ ಹಾಕುತ್ತಾ ಕೂತರೆ ಮುಖದ ಗೆರೆಗಳೆಲ್ಲ ಸಡಿಲವಾಗುತ್ತಿದ್ದವು. ಹೆದ್ದಾರಿಯಲ್ಲಿ ಹೋಗುವ ಲಾರಿಯವರಿಗೂ ಆ ಹಾಡು ಕೇಳುತ್ತಿತ್ತು. ಪಕ್ಕದ ಮನೆಯವರು "ನಂಜಣ್ಣ ಊರಿಗೆಲ್ಲ ಸೇರಿಸಿ ಹಾಕ್ತಾನೆ" ಎಂದು ನಗುತ್ತಿದ್ದರು. ನಗುವುದಷ್ಟೇ, ಅನುಮಾನ ಯಾರಿಗೂ ಬರಲಿಲ್ಲ. ಮಿಲ್ಲಿನವರ ಮನೆ ಎಂದರೆ ಹಾಗೇ ಎಂದುಕೊಂಡಿದ್ದರು.

ಶಾರದಕ್ಕ ನನಗಿಂತ ದೊಡ್ಡವಳು. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದಳು. ಅವಳ ದನಿ ಹಗ್ಗದ ಹಾಗೆ ದಪ್ಪನೆಯದಲ್ಲ, ದಾರದ ಹಾಗೆ ಸಣ್ಣದು, ಎತ್ತರದ್ದು; ಮೆಷೀನು ನಿಂತ ಕೂಡಲೇ ಎಲ್ಲಿದ್ದರೂ ಕೇಳುತ್ತಿತ್ತು. ಅಂಗಳದಲ್ಲಿ ಹೆಂಗಸರ ಜೊತೆ ಕೂತು ಕಪ್ಪು ಬೀಜ ಆರಿಸುವಾಗ ಅವಳು ಹಾಡು ಹೇಳುತ್ತಿದ್ದರೆ ಉಳಿದವರ ಕೈ ನಿಧಾನವಾಗುತ್ತಿತ್ತು. ಅವಳು ಹೇಳುತ್ತಿದ್ದದ್ದು ಆಗಿನ ಹೊಸ ಹಾಡುಗಳನ್ನು. ಬಸ್ಸಿನಲ್ಲಿ ಒಂದು ಸಲ, ಹೋಟೆಲಿನ ಮುಂದೆ ಇನ್ನೊಂದು ಸಲ ಕೇಳಿದರೆ ಮನೆಗೆ ಬರುವಷ್ಟರಲ್ಲಿ ಪಲ್ಲವಿ, ಚರಣ ಎಲ್ಲ ಅವಳ ಬಾಯಲ್ಲಿರುತ್ತಿತ್ತು. ಮನೆಯ ಟೇಪ್ ರೆಕಾರ್ಡರಿಗಾಗಿ ಅಪ್ಪನಿಗೂ ಅವಳಿಗೂ ಜಟಾಪಟಿ ನಡೆಯದ ಭಾನುವಾರವೇ ಇರಲಿಲ್ಲ. ಅವಳು ತನ್ನ ಕ್ಯಾಸೆಟ್ಟು ಹಾಕಿದರೆ ಅಪ್ಪ ಸ್ವಲ್ಪ ಹೊತ್ತು ಹುಬ್ಬು ಗಂಟಿಕ್ಕಿ ನೋಡುತ್ತಿದ್ದ. ಆಮೇಲೆ ಶುರು.

"ಅದೇನ್ ಹಾಡೇ ಅದು? ಖಾಲಿ ಡಬ್ಬಕ್ಕೆ ಕಲ್ಲ್ ಹಾಕಿ ಕುಲುಕ್ದಂಗೆ ಐತೆ. ಒಂದು ಮಾತಾದ್ರೂ ತಿಳೀತದಾ?"

"ನಿಂಗೆ ತಿಳೀದಿದ್ರೆ ಹಾಡ್ದೇನಪ್ಪ ತಪ್ಪು? ಊರಿಗೆಲ್ಲ ತಿಳೀತದೆ."

"ಊರಿಗೆ ಕಿವಿ ಇಲ್ಲ ಬುಡು. ನಮ್ ಕಾಲ್ದಲ್ಲಿ ಒಂದೊಂದು ಮಾತೂ ಮುತ್ತು ಬಿಡಿಸ್ದಂಗೆ ಬರಾದು."

"ನಿಮ್ಮಪ್ಪನ ಕಾಲ್ದಲ್ಲಿ ಮುತ್ತು ಇತ್ತಂತೆ ಕಣೇ," ಒಲೆಯ ಮುಂದಿನಿಂದ ಅವ್ವ ಕೂಗುತ್ತಿದ್ದಳು. "ನಾನ್ ಬರೋ ಹೊತ್ತಿಗೆ ಎಲ್ಲ ಖಾಲಿಯಾಗಿ ಮೂಟೆ ಮಾತ್ರ ಉಳ್ದಿತ್ತು."

ವಾರದ ದಿನಗಳಲ್ಲಿ ಮೂಟೆ ತಂದು ಸರದಿಗಾಗಿ ಕಾಯುತ್ತಿದ್ದ ಗಂಡಸರೆಲ್ಲ ಅಪ್ಪನ ಪಕ್ಷ. ನಡುವಯಸ್ಸು ದಾಟಿದವರು. ಈಗಿನ ಹಾಡಿನಲ್ಲಿ ಸಾರವಿಲ್ಲ, ಈಗಿನ ಹಾಡುಗಾರರಿಗೆ ಗಂಟಲಿಲ್ಲ, ನಮ್ಮ ಕಾಲದ ಹಾಡೇ ಹಾಡು ಎಂದು ಎಲ್ಲರೂ ತಲೆಯಾಡಿಸುತ್ತಿದ್ದರು. ಅಪ್ಪ ಹೇಳಿದ್ದನ್ನು ಎಲ್ಲರೂ ಹೇಳುತ್ತಿದ್ದದ್ದರಿಂದಲೇ ನಮಗೆ ಅದು ವಯಸ್ಸಾದವರ ಮಾಮೂಲಿ ಹಟ ಎನ್ನಿಸಿತು. ಒಬ್ಬನೇ ಹೇಳಿದ್ದರೆ, ಇವನಿಗೇನೋ ಆಗಿದೆ ಎಂದು ತಿರುಗಿ ನೋಡುತ್ತಿದ್ದೆವೋ ಏನೋ.

ಅಕ್ಕ ಮಾತ್ರ ಅದನ್ನು ಹಟ ಎಂದುಕೊಳ್ಳಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದೇ: ತಾನು ಹಾಡುವುದನ್ನು ಅಪ್ಪ ಒಂದು ಸಲ ಕೂತು ಕೇಳಬೇಕು. ಎಂದಾದರೂ ಅವನ ಎದುರಿಗೆ ನಿಂತು ಅವನ ಕಾಲದ ಹಾಡೊಂದನ್ನು ಹೇಳಿದರೆ ಅವನು ಅವಳ ಬಾಯನ್ನೇ ನೋಡುತ್ತಾ, "ಅದು ನೋಡು ಹಾಡು ಅಂದ್ರೆ," ಎಂದು ಬೆನ್ನು ತಟ್ಟುತ್ತಿದ್ದ. ಬೆನ್ನಿನ ಮೇಲೆ ಅವನ ಕೈ ಇನ್ನೂ ಇರುವಾಗಲೇ ಅವಳು ತನ್ನ ಹಾಡು ಶುರು ಮಾಡಿದರೆ "ಹ್ಞೂಂ" ಎಂದು ಎದ್ದು ಹೋಗುತ್ತಿದ್ದ. ಒಂದು ದಿನ ಬಾವಿಕಟ್ಟೆಯ ಹತ್ತಿರ ನನ್ನನ್ನು ಕೇಳಿದಳು.

"ಮಂಜ, ಅಪ್ಪಂಗೆ ಹಾಡು ಕಂಡ್ರೆ ಆಗಲ್ವೋ, ಇಲ್ಲ ನಾನ್ ಹಾಡಾದು ಕಂಡ್ರೆ ಆಗಲ್ವೋ?"

"ಹೊಸದು ಅಂದ್ರೆ ಆಗಲ್ಲ ಅಷ್ಟೇ ಕಣಕ್ಕ. ಎಲ್ರಪ್ಪಂದಿರೂ ಹಂಗೇ."

"ಪೂರ್ತಿ ಕೇಳಿ ಬೈಲಿ, ಬೇಜಾರಿಲ್ಲ. ಅರ್ಧಕ್ಕೆ ಎದ್ದೋಗ್ತಾನಲ್ಲ, ಅದು ಸೈಸಕ್ಕಾಗಲ್ಲ."

ಮುಂದಿನ ವರ್ಷ ಅವಳ ಮದುವೆ ಗೊತ್ತಾಯಿತು. ಗಂಡು ಆಲೂರಿನ ಆಚೆಯ ಹಳ್ಳಿಯವನು, ಸಾಧು ಮನುಷ್ಯ, ಒಂದಿಷ್ಟು ಗದ್ದೆ, ಒಂದಿಷ್ಟು ಕಾಫಿ. ಮಿಲ್ಲಿನ ಅಂಗಳದಲ್ಲೇ ಚಪ್ಪರ ಹಾಕಿದೆವು. ಚಪ್ಪರದ ದಿನ ಬೆಳಿಗ್ಗೆ ಅರಿಶಿನ ಹಚ್ಚುವ ಶಾಸ್ತ್ರ. ಅಕ್ಕನನ್ನು ಹಸೆಯ ಮೇಲೆ ಕೂರಿಸಿ ಹೆಂಗಸರೆಲ್ಲ ಸುತ್ತಲೂ ಕೂತು ಸೋಬಾನೆ ಹೇಳಿದರು. ಅದು ಮುಗಿಯುತ್ತಿದ್ದಂತೆ ನಮ್ಮ ಚಿಕ್ಕಮ್ಮ, "ಶಾರದ, ನೀನೂ ಒಂದು ಹೇಳೇ. ಇನ್ಮೇಲೆ ನಿನ್ ಹಾಡು ಅವ್ರ ಮನೆ ಪಾಲು," ಎಂದಳು. ಅಕ್ಕ ತಲೆ ತಗ್ಗಿಸಿಕೊಂಡೇ ಶುರು ಮಾಡಿದಳು. ಆ ವರ್ಷವಷ್ಟೇ ಬಂದ ಹಾಡು; ತವರು ಬಿಟ್ಟು ಹೊರಟ ಮಗಳು ತಂದೆಗೆ ಹೇಳುವ ಮಾತುಗಳು ಅದರಲ್ಲಿದ್ದವು. ಅವಳು ಅದನ್ನು ಅಪ್ಪನಿಗೆಂದೇ ಕಲಿತಿದ್ದಳು, ಅದು ನನಗೆ ಗೊತ್ತಿತ್ತು. ಒಂದು ಚರಣ ಮುಗಿಯುವಷ್ಟರಲ್ಲಿ ಹೆಂಗಸರು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು. ತೋಟದ ಕೆಲಸದ ಮುದುಕಿಯೊಬ್ಬಳು ಜೋರಾಗಿಯೇ ಅತ್ತಳು. ಅಪ್ಪ ಚಪ್ಪರದ ಕಂಬಕ್ಕೆ ಒರಗಿ ರಸ್ತೆಯ ಕಡೆ ಮುಖ ಮಾಡಿ ತರಕಾರಿಯ ಜೀಪು ಕಾಯುತ್ತಿದ್ದ. ಎರಡನೆಯ ಚರಣ ಎತ್ತಿಕೊಂಡಾಗ ಈ ಕಡೆ ತಿರುಗಿದ. ಮೆಷೀನಿನ ಮುಂದೆ ನಿಂತು ಕೂಗುವ ದನಿಯಲ್ಲೇ ಕೂಗಿದ.

"ಲೋ ಮಂಜ, ಅಡಿಗೆಯೋರಿಗೆ ಕಾಫಿ ಕೊಟ್ರೇನ್ಲಾ?"

ಹಾಡು ನಿಂತಿತು. ಎಲ್ಲರೂ ಅವನ ಮುಖ ನೋಡಿದರು. ಅಪ್ಪನೂ ಅವರೆಲ್ಲರ ಮುಖ ನೋಡಿ ನಕ್ಕ.

"ಏನ್ ಎಲ್ರೂ ಗರ ಬಡ್ದೋರಂಗೆ ಸುಮ್ಕೆ ಕೂತ್ಬುಟ್ರಿ? ಮದ್ವೆ ಮನೆ ಕಣ್ರಮ್ಮ, ಯಾರಾದ್ರೂ ಒಂದ್ ಹಾಡ್ ಹೇಳ್ರಿ!"

ತಮಾಷೆಗೆ ಅಂದ ಎಂದು ಕೆಲವರು ನಕ್ಕರು. ಕೆಲವರು ನೆಲ ನೋಡಿದರು. ಅರಿಶಿನ ಹಚ್ಚಿದ ಅಕ್ಕನ ಮುಖದಲ್ಲಿ ನೀರು ಎರಡು ಗೆರೆಯಾಗಿ ಇಳಿಯಿತು. ಅವ್ವ ಗಡಿಬಿಡಿಯಲ್ಲಿ ಎದ್ದು ಬಂದು, ತಾನೇ ಒಂದು ಸೋಬಾನೆ ಶುರು ಮಾಡಿದಳು. ಅವ್ವನಿಗೆ ಹಾಡು ಬರುತ್ತಿರಲಿಲ್ಲ. ಆ ದಿನ ಮಾತ್ರ ಅಪಸ್ವರದಲ್ಲೇ ಕೊನೆಯವರೆಗೆ ಹೇಳಿದಳು.

ಮಾರನೆಯ ದಿನ ಗಂಡನ ಮನೆಗೆ ಹೊರಟಾಗ ಅಕ್ಕ ಎಲ್ಲರನ್ನೂ ತಬ್ಬಿ ಅತ್ತಳು. ಅಪ್ಪನ ಕಾಲಿಗೆ ನಮಸ್ಕಾರ ಮಾಡಿದಳು, ಮುಖ ಎತ್ತಲಿಲ್ಲ. ಜೀಪು ಹತ್ತುವ ಮೊದಲು ನನ್ನ ಕಿವಿಯ ಹತ್ತಿರ ಬಂದು, ನಮ್ಮ ಮನೆಯಲ್ಲಿ ಯಾರೂ ಆಡದಷ್ಟು ಮೆಲ್ಲಗೆ ಹೇಳಿದಳು:

"ನಾನ್ ಹೇಳಿದ್ದು ಅವ್ನಿಗೆ ಹಾಡೇ ಅಲ್ಲ ಕಣೋ."

ಆಮೇಲೆ ಅವಳು ಹಬ್ಬಕ್ಕೆ ಬರುತ್ತಿದ್ದಳು, ಹೋಗುತ್ತಿದ್ದಳು. ಅಂಗಳದಲ್ಲಿ ಕೂತು ಬೀಜ ಆರಿಸುತ್ತಿದ್ದಳು. ಬಾಯಿ ಮುಚ್ಚಿಕೊಂಡೇ ಆರಿಸುತ್ತಿದ್ದಳು. ನಮ್ಮ ಭಾವ ಒಂದು ಸಲ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ, "ನಿಮ್ಮಕ್ಕ ಭಾರಿ ಹಾಡ್ತಾಳೆ ಅಂತಿದ್ರಲ್ಲ ಎಲ್ರೂ, ಒಂದಿನ ಒಂದ್ ಸಾಲು ಅಂದಿದ್ದು ಕಾಣೆ ಮಾರಾಯ. ನಮ್ಮನೇಲೇನಾದ್ರೂ ಬೇಜಾರೈತಾ ಅವ್ಳಿಗೆ?" ಅಪ್ಪನೂ ಅವ್ವನನ್ನು ಕೇಳಿದ್ದನಂತೆ, "ಶಾರದ ಯಾಕೆ ಸರಿಯಾಗಿ ಮುಖ ಕೊಟ್ಟು ಮಾತಾಡಲ್ಲ?" ಎಂದು. ಅವನ ಭಾನುವಾರದ ಹಾಡುಗಳು ಮಾತ್ರ ಹಾಗೇ ನಡೆದಿದ್ದವು. ಈಗ ಟೇಪ್ ರೆಕಾರ್ಡರಿಗೆ ಜಗಳ ಆಡುವವರೂ ಇರಲಿಲ್ಲ.

ನಾನು ಹೈಸ್ಕೂಲಿನಲ್ಲಿದ್ದೆ. ಮಾರ್ಚಿನ ಒಂದು ಮಧ್ಯಾಹ್ನ ಪರೀಕ್ಷೆ ಮುಗಿಸಿ ಬಂದು ಕೈಕಾಲು ತೊಳೆಯುತ್ತಿದ್ದೆ. ಮಿಲ್ಲಿನ ಒಳಗಿನಿಂದ ಒಂದು ಕೀರಲು ಸದ್ದು ಶುರುವಾಯಿತು. ಹೊಟ್ಟು ಹಾರಿಸುವ ಫ್ಯಾನಿನ ಬೇರಿಂಗು ಒಣಗಿ ಕಿರುಚುತ್ತಿತ್ತು. ಹಂದಿ ಹಿಡಿದಾಗ ಅದು ಕೂಗುವ ಹಾಗೆ. ಅಂಗಳದ ಹೆಂಗಸರು ಬೀಜ ಬಿಟ್ಟು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡರು. ಅವ್ವ ಅಡಿಗೆಮನೆಯಿಂದ ಓಡಿ ಬಂದಳು. ನಾನು ಒಳಗೆ ಹೋದಾಗ ಅಪ್ಪ ಮೆಷೀನಿನ ಮೇಲಿನ ಕಟ್ಟೆಯಲ್ಲಿ ನಿಂತು ಮೂಟೆಯಿಂದ ಕಾಯಿ ಸುರಿಯುತ್ತಿದ್ದ. ನಾನು ಬಾಗಿಲಲ್ಲಿ ನಿಂತದ್ದು ಕಂಡು ನಗುತ್ತಾ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕೇಳಿದ. ಊಟಕ್ಕಾಯಿತಾ ಎಂದು. ಆ ಸದ್ದು ನನ್ನ ಹಲ್ಲಿನೊಳಗೆ ಕೊರೆಯುತ್ತಿತ್ತು, ಅವನು ನಗುತ್ತಿದ್ದ. ನಾನು ಫ್ಯಾನಿನ ಕಡೆ ಕೈ ತೋರಿಸುವಷ್ಟರಲ್ಲಿ ಅದರ ಶಾಫ್ಟು ತಿರುಗದೆ ಬಿಗಿದುಕೊಂಡು, ಬೆಲ್ಟು ಕಿತ್ತು ಹಾರಿ, ಗೋಡೆಗೆ ಬಡಿಯಿತು. ಅಪ್ಪನಿಂದ ಒಂದು ಮೊಳ ಆಚೆ. ಸುಟ್ಟ ರಬ್ಬರಿನ ವಾಸನೆ ಬಂದ ಮೇಲೆ ಅವನು ಗಾಬರಿಯಾದ. ಬಾಗಿಲ ಆಚೆ ಸಾಹುಕಾರರು ನಿಂತಿದ್ದರು. ಅವರು ಬೇರಿಂಗನ್ನು ನೋಡಲಿಲ್ಲ, ಅಪ್ಪನನ್ನೇ ನೋಡುತ್ತಿದ್ದರು.

ಅಪ್ಪನಿಗೆ ಆ ಸೀಮೆಯಲ್ಲೆಲ್ಲ ಒಂದು ಹೆಸರಿತ್ತು. ಮೆಷೀನಿನ ಮೈಮೇಲೆ ಅಂಗೈ ಇಟ್ಟರೆ ಸಾಕು, ಒಳಗೆ ಏನಾಗಿದೆ ಎಂದು ಹೇಳುತ್ತಿದ್ದ. ನಂಜಣ್ಣ ಮೆಷೀನಿನ ನಾಡಿ ಹಿಡಿಯುತ್ತಾನೆ ಎಂದು ಜನ ಹೊಗಳುತ್ತಿದ್ದರು. ಕೈ ಇಡುವುದು ಕಿವಿಗೆ ಬದಲಾಗಿ ಎಂದು ಆ ದಿನ ನನಗೆ ತಿಳಿಯಿತು. ಕಟ್ಟೆಯ ಮೇಲೆ ಅವನ ಕೈ ಮೆಷೀನಿಗೆ ತಾಗಿರಲಿಲ್ಲ, ಅಷ್ಟೇ.

ಸಾಹುಕಾರರು ಕೆಟ್ಟವರಲ್ಲ. ತಮ್ಮ ಜೀಪಿನಲ್ಲೇ ಹಾಸನದ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನಾನೂ ಹೋದೆ. ಕಿವಿಗೆ ಹೆಡ್‌ಫೋನು ಹಾಕಿ, ಸದ್ದು ಕೇಳಿದ ಕೂಡಲೇ ಬೆರಳು ಎತ್ತಿ ಎಂದರು ಡಾಕ್ಟರು. ಅಪ್ಪ ಪ್ರತಿ ಸಲವೂ ಸರಿಯಾಗಿ ಎತ್ತಿದ. ನನಗೆ ಖುಷಿಯಾಯಿತು. ಡಾಕ್ಟರು ಒಂದು ನಿಮಿಷ ಅವನ ಕಣ್ಣನ್ನೇ ನೋಡಿದರು, ಆಮೇಲೆ ಎದ್ದು ಅವನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದರು. ಗುಂಡಿ ಒತ್ತುವ ತಮ್ಮ ಕೈ ಅವನಿಗೆ ಕಾಣದ ಹಾಗೆ. ಆಮೇಲೆ ಅಪ್ಪನ ಬೆರಳು ಮೇಲೇಳಲಿಲ್ಲ. ತೊಡೆಯ ಮೇಲೆ ಹಾಗೇ ಕಾಯುತ್ತಾ ಇತ್ತು. ಒಂದೆರಡು ಸಲ ಸುಮ್ಮನೆ ಅಂದಾಜಿನಲ್ಲಿ ಎತ್ತಿದ. ಆಗ ಡಾಕ್ಟರು ಏನೂ ಒತ್ತಿರಲಿಲ್ಲ. ನಾನು ಬಾಗಿಲ ಕಡೆ ತಿರುಗಿಕೊಂಡೆ.

"ತುಂಬಾ ವರ್ಷಗಳಿಂದ ಹೋಗ್ತಾ ಬಂದಿದೆ," ಎಂದರು ಡಾಕ್ಟರು. "ಯಂತ್ರದ ಹತ್ತಿರ ಇದ್ದವರಿಗೆ ಹೀಗೇ. ಸಣ್ಣ ಸ್ವರ ಮೊದಲು ಹೋಗುತ್ತೆ. ಹಕ್ಕಿ ಕೂಗೋದು, ಮಕ್ಕಳು, ಹೆಂಗಸರ ದನಿ. ದಪ್ಪ ಸದ್ದು ಮಾತ್ರ ಉಳಿಯುತ್ತೆ."

"ಇಲ್ಲ ಸಾರ್, ಹಾಡು ಕೇಳ್ತಾರೆ. ಪ್ರತಿ ಭಾನುವಾರ ಕೇಳ್ತಾರೆ," ಎಂದೆ ನಾನು.

"ಹಳೇ ಹಾಡಾ?"

"ಹೌದು."

"ಗೊತ್ತಿರೋ ಹಾಡು ಹಾಗೇನೇ. ಕಿವಿಗೆ ಸ್ವಲ್ಪ ಬಿದ್ದರೆ ಸಾಕು, ಉಳಿದಿದ್ದನ್ನ ನೆನಪೇ ತುಂಬಿಸಿಬಿಡುತ್ತೆ. ಹೊಸದಕ್ಕೆ ಏನನ್ನ ತುಂಬಿಸೋದು?"

ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ನಾನು ಅಪ್ಪನ ಎದುರಿಗೆ ಕುಕ್ಕರಗಾಲಲ್ಲಿ ಕೂತು, ತುಟಿ ಕಾಣುವ ಹಾಗೆ ಕೇಳಿದೆ, "ಹಳೇ ಹಾಡು ನಿಜ್ವಾಗ್ಲೂ ಕೇಳಿಸ್ತದೇನಪ್ಪ?"

"ಕೇಳಿಸ್ತದೆ ಕಣ್ಲಾ," ಎಂದ ಅಪ್ಪ. "ಡುಂ ಡುಂ ಅನ್ನಾದು ಬತ್ತದೆ. ಮಿಕ್ಕಿದ್ದು ನಾನೇ ಹಾಕ್ಕತೀನಿ." ರಸ್ತೆ ನೋಡುತ್ತಾ ಅಂದ, "ಮೊದ್ಲು ಜೀರುಂಡೆ ನಿಂತೋದ್ವು. ಎಸ್ಟೇಟಿನೋರು ಔಷ್ದಿ ಹೊಡ್ದು ಹೊಡ್ದು ಸಾಯಿಸ್ಬುಟ್ರು ಅಂದ್ಕಂಡೆ. ಆಮೇಲೆ ಈ ಹೊಸ ಹಾಡುಗಳು ಬಂದ್ವು, ಮಾತೇ ಇಲ್ದವು. ಕಾಲ ಕೆಟ್ಟೋಯ್ತು ಅಂದ್ಕಂಡೆ. ಕೆಟ್ಟಿದ್ದು ನಾನು ಅಂತ ಯಾವನಿಗ್ ಗೊತ್ತು?"

ನಾನು ಓದಿದವನಲ್ಲ. ಈಗ ನನ್ನ ಓರಗೆಯವರು ಸಂತೆಯಲ್ಲಿ, ಮದುವೆಮನೆಯಲ್ಲಿ ಸಿಕ್ಕಿ, ನಮ್ಮ ಕಾಲದ ಹಾಡಿನ ಮುಂದೆ ಇವೆಲ್ಲ ಯಾವ ಲೆಕ್ಕ ಎಂದಾಗ ನಾನು ತಲೆಯಾಡಿಸುವುದಿಲ್ಲ, ಜಗಳಕ್ಕೂ ಹೋಗುವುದಿಲ್ಲ. ಎಳೆ ವಯಸ್ಸಿನಲ್ಲಿ ಒಳಗೆ ಹೋದದ್ದು ಅಲ್ಲೇ ಉಳಿಯುತ್ತದೆ. ಆಮೇಲೆ ಹೊರಗಿನಿಂದ ಚೂರು ಬಂದರೂ ಸಾಕು, ಮಿಕ್ಕಿದ್ದನ್ನು ನಾವೇ ಹಾಕಿಕೊಳ್ಳುತ್ತೇವೆ. ಹಾಡು ಚೆನ್ನಾಗಿದೆ ಎನ್ನುತ್ತೇವೆ. ಅಪ್ಪನಿಗೆ ಕಿವಿಯೇ ಹೋಗಿತ್ತು. ಕಿವಿ ನೆಟ್ಟಗಿರುವವರೂ ಎಷ್ಟು ಕೇಳಿಸಿಕೊಳ್ಳುತ್ತಾರೆ ಎಂಬುದು ನನಗೆ ಅನುಮಾನ. ನನಗೂ ಇಷ್ಟವಾಗುವುದು ಅಕ್ಕ ಅಂಗಳದಲ್ಲಿ ಹೇಳುತ್ತಿದ್ದ ಆ ಕೆಲವು ವರ್ಷಗಳ ಹಾಡುಗಳೇ. ಬಸ್ಸಿನಲ್ಲಿ ಯಾವುದಾದರೂ ಬಂದರೆ ಹಾಡಿದವರ ದನಿ ನನಗೆ ಕೇಳುವುದಿಲ್ಲ, ಅಕ್ಕನದು ಕೇಳುತ್ತದೆ.

ಆ ದಿನ ಹಾಸನದಿಂದ ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಅಕ್ಕಿ ಆರಿಸುತ್ತಿದ್ದ ಕೈ ನಿಲ್ಲಿಸಲಿಲ್ಲ.

"ಗೊತ್ತಿತ್ತು," ಎಂದಳು.

"ಯಾವಾಗಿಂದ?"

"ದೀಪ ಆರ್ಸಿದ್ ಮೇಲೆ ನಿಮ್ಮಪ್ಪನತ್ರ ಮಾತಾಡಿ ಎಷ್ಟೋ ವರ್ಷ ಆಗೋಯ್ತು ಕಣೋ. ಕತ್ಲೇಲಿ ನನ್ ಬಾಯಿ ಕಾಣಲ್ವಲ್ಲ."

"ಅಕ್ಕಂಗೆ ಹೇಳ್ಬೋದಿತ್ತಲ್ಲವ್ವ!"

ಆಗ ಮೊರ ಕೆಳಗಿಟ್ಟಳು. "ಹೇಳಿದ್ರೆ ಅವ್ಳು ಸುಮ್ನಿರ್ತಿದ್ಲಾ? ಅತ್ತು ಕರ್ದು ಊರಿಗೆ ತಿಳ್ಯಾದು. ಕಿವಿ ಇಲ್ದೋನ ಕೈಗೆ ಮೆಷೀನ್ ಯಾರ್ ಕೊಡ್ತಾರೆ? ಮೆಷೀನ್ ಹೋದ್ರೆ ಈ ಮನೆ ಹೋಗಾದು. ಮನೆ ಇಲ್ದೋರ ಹೆಣ್ಣು ಯಾರ್ ತರ್ತಿದ್ರು? ಅವ್ಳ ಮದ್ವೆ ಆಗ್ಲಿ ಅಂತ ಬಾಯ್ ಮುಚ್ಕಂಡೆ. ಅದೇ ಮದ್ವೇಲಿ ಅವ್ಳ ಬಾಯಿ ಮುಚ್ಚೋಯ್ತು."

ಸಾಹುಕಾರರು ಮನೆ ಬಿಡಿ ಎನ್ನಲಿಲ್ಲ. "ನಂಜಣ್ಣ ಇನ್ನು ಮೆಷೀನ್ ಮುಟ್ಟಾದು ಬ್ಯಾಡ, ಹುಡುಗನ್ನ ಕಳ್ಸಿ," ಎಂದರು. ನಾನು ಸ್ಕೂಲಿನ ಚೀಲವನ್ನು ಮೊಳೆಗೆ ನೇತುಹಾಕಿ ಮಿಲ್ಲಿಗೆ ಹೋದೆ. ಇದಕ್ಕೆ ಯಾರೂ ಅಯ್ಯೋ ಎನ್ನಬೇಕಾಗಿಲ್ಲ. ಅಲ್ಲಿ ದುಡಿದೇ ಮುಂದೆ ನನ್ನದೇ ಒಂದು ಮಿಲ್ಲು ಹಾಕಿದೆ, ಒಬ್ಬರ ಮುಂದೆ ಕೈ ಚಾಚಿದವನಲ್ಲ. ಮೊದಲ ದಿನವೇ ಅವ್ವ ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ ನನ್ನ ಎರಡೂ ಕಿವಿಗೆ ತುರುಕಿದಳು. ಮೂಟೆಯವರು ನೋಡಿ ನಕ್ಕರು. ನಗಲಿ ಎಂದು ಬಿಟ್ಟೆ. ಅಪ್ಪ ಅಂಗಳದ ಮೂಲೆಯಲ್ಲಿ ಕೂತು ಹರಿದ ಚೀಲ ಹೊಲಿಯತೊಡಗಿದ. ಡಾಕ್ಟರು ಕೊಟ್ಟ ಕಿವಿಯ ಮೆಷೀನು ಎರಡು ದಿನ ಹಾಕಿಕೊಂಡು ತೆಗೆದಿಟ್ಟ. ತಗಡು ಎಳೆದಂಥ ಸದ್ದು ಬಿಟ್ಟು ಅದರಲ್ಲಿ ಬೇರೇನೂ ಬರುವುದಿಲ್ಲ ಎಂದ.

ಅಕ್ಕನಿಗೆ ಹೇಳಲು ನಾನೇ ಅವಳ ಊರಿಗೆ ಹೋದೆ. ಕೊಟ್ಟಿಗೆಯ ಮುಂದೆ ಮಗುವನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು. ಮೊದಲು ಅವಳಿಗೆ ಸಿಟ್ಟೇ ಬಂತು.

"ಅಪ್ಪನ್ನ ವಹಿಸ್ಕಂಡು ಸುಳ್ ಹೇಳಕ್ಕೆ ಇಲ್ಲೀಗಂಟ ಬಂದ್ಯಾ?"

ಡಾಕ್ಟರು ಕುರ್ಚಿ ತಿರುಗಿಸಿದ್ದು, ಬೆರಳು ಮೇಲೇಳದ್ದು, ಎಲ್ಲವನ್ನೂ ಹೇಳಿದೆ. ಅವಳು ಮಗುವನ್ನು ಆ ಕಂಕುಳಿನಿಂದ ಈ ಕಂಕುಳಿಗೆ ಬದಲಾಯಿಸಿದಳು.

"ಅವತ್ತು ಚಪ್ಪರ್ದಲ್ಲಿ?"

"ಕೇಳಿಸ್ಲಿಲ್ಲ ಕಣಕ್ಕ. ನೀನು ತಲೆ ತಗ್ಗಿಸಿದ್ದೆ. ಎಲ್ರೂ ಸುಮ್ಕೆ ಕೂತವ್ರೆ ಅಂದ್ಕಂಡಿದ್ದ."

"ಒಂದ್ ಅಕ್ಷರಾನೂ?"

"ನಿನ್ ದನೀನೇ ಅವ್ನು ಕೇಳಿಲ್ಲ. ನೀನ್ ದೊಡ್ಡವಳಾದ್ ಮೇಲಿಂದು."

ಆ ಗೌರಿ ಹಬ್ಬಕ್ಕೆ ಅವಳು ಒಬ್ಬಳೇ ಮಗುವನ್ನೆತ್ತಿಕೊಂಡು ಬಂದಳು. ಮಳೆ ಬಿಟ್ಟು ಹೊಳವಾಗಿತ್ತು, ಮಿಲ್ಲು ನಿಂತಿತ್ತು. ಊಟವಾದ ಮೇಲೆ ಅಪ್ಪ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಅಕ್ಕ ಹೋಗಿ ಅವನ ಎದುರಿಗೆ, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತಳು. ಅವನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಅಪ್ಪ, ಇಲ್ನೋಡು. ಅವತ್ತು ಚಪ್ಪರ್ದಲ್ಲಿ ಹೇಳಿದ್ದು. ಈಗ ಹೇಳ್ತೀನಿ, ಪೂರ್ತಿ ಕೇಳ್ಬೇಕು."

ಅಪ್ಪ ಬಾಯಲ್ಲಿದ್ದ ಎಲೆಯನ್ನು ಅಂಗಳಕ್ಕೆ ಉಗಿದು, ಪಂಚೆಯಲ್ಲಿ ಬಾಯಿ ಒರೆಸಿಕೊಂಡು, ನೆಟ್ಟಗೆ ಕೂತ. ಅವ್ವನೂ ನಾನೂ ಬಾಗಿಲಲ್ಲಿ ನಿಂತೆವು. ಅಕ್ಕ ಶುರು ಮಾಡಿದಳು. ಎಷ್ಟೋ ದಿನದಿಂದ ಹಾಡದ ಗಂಟಲು ಮೊದಲು ಸ್ವಲ್ಪ ತಡವರಿಸಿತು, ಆಮೇಲೆ ಬಿಟ್ಟುಕೊಂಡಿತು. ಒಂದೊಂದು ಮಾತನ್ನೂ ತುಟಿಯಲ್ಲಿ ಬಿಡಿಸಿ ಬಿಡಿಸಿ ಅವನ ಮುಂದೆ ಇಡುತ್ತಿದ್ದಳು. ಅಪ್ಪನ ಕಣ್ಣು ಅವಳ ಬಾಯಿಯನ್ನು ಬಿಟ್ಟು ಕದಲಲಿಲ್ಲ. ಮಾತುಗಳನ್ನು ಹಿಡಿಯುತ್ತಿದ್ದ, ತಲೆಯಾಡಿಸುತ್ತಿದ್ದ. ಅಷ್ಟು ಹೊತ್ತಿಗೆ ಅವನಿಗೆ ಏನನ್ನಿಸಿತೋ. ಮಗಳ ಹಾಡನ್ನು ಹೀಗೆ ಬಾಯಿ ನೋಡುತ್ತಾ ಕೇಳಬಾರದು, ತನ್ನ ಭಾನುವಾರದ ಹಾಡುಗಳನ್ನು ಕೇಳುವ ಹಾಗೆ ಕೇಳಬೇಕು ಅನ್ನಿಸಿರಬೇಕು. ಗೋಡೆಗೆ ಒರಗಿ, ನಿಧಾನವಾಗಿ ಕಣ್ಣು ಮುಚ್ಚಿಕೊಂಡ. ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತು.

ಕಣ್ಣು ಬಿಡಪ್ಪ ಎಂದು ನಾನು ಮುಂದೆ ಹೋಗುವವನಿದ್ದೆ. ಅವ್ವ ನನ್ನ ರಟ್ಟೆ ಹಿಡಿದುಕೊಂಡಳು.

ಅಕ್ಕ ಹಾಡುತ್ತಲೇ ಅವನನ್ನು ನೋಡಿದಳು. ಎರಡನೆಯ ಚರಣ ಅರ್ಧ ಬಂದಿತ್ತು. ಅವಳ ದನಿ ಒಡೆಯಿತು, ನಿಂತಿತು. ಕೈಯಲ್ಲಿ ಬಾಯಿ ಮುಚ್ಚಿಕೊಂಡು ಅಲ್ಲೇ ಕೂತಳು. ಅಪ್ಪನ ಬೆರಳು ನಿಲ್ಲಲಿಲ್ಲ. ಅವನು ತಲೆದೂಗುತ್ತಿದ್ದ. ಒಂದು ಕಡೆ, ಬಹಳ ಚೆನ್ನಾದ ತಿರುವು ಕೇಳಿದವನ ಹಾಗೆ, ಸಣ್ಣಗೆ ನಕ್ಕ. ಯಾವ ಹಾಡೋ, ಯಾವ ಕಾಲದ್ದೋ, ಅವನೊಳಗೆ ನಡೆದಿತ್ತು. ನಾವು ಮೂವರೂ ಅವನನ್ನೇ ನೋಡುತ್ತಿದ್ದೆವು. ಮಗು ಕೂಡ ಅವ್ವನ ಕಾಲು ಹಿಡಿದು ಸುಮ್ಮನೆ ನಿಂತಿತ್ತು. ತುಂಬಾ ಹೊತ್ತಿನ ಮೇಲೆ ಅವನ ಹಾಡು ಮುಗಿಯಿತು. ಬೆರಳು ನಿಂತಿತು. ಕಣ್ಣು ಬಿಟ್ಟ. ಕಣ್ಣು ಒದ್ದೆಯಾಗಿತ್ತು.

"ಚೆನ್ನಾಗ್ ಹೇಳ್ದೆ ಕಣವ್ವ," ಎಂದ. "ಒಂದೊಂದು ಮಾತೂ ತಿಳೀತು."

ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅವನಿಗೆ ಕಾಣುವ ಹಾಗೆ ತುಟಿ ಬಿಡಿಸಿ ಕೇಳಿದಳು:

"ಇನ್ನೊಂದ್ ಹೇಳ್ಲಾ ಅಪ್ಪ?"

"ಹೇಳು ಮಗ," ಎಂದು ಅವನು ಮತ್ತೆ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಅಕ್ಕ ಇನ್ನೂ ಬಾಯಿ ತೆರೆದಿರಲಿಲ್ಲ. ಅವನ ಬೆರಳು ಆಗಲೇ ತಾಳ ಹಿಡಿದಿತ್ತು.